ನೇಪಲ್ಸ್‌ನಿಂದ ಕಾಪ್ರಿಗೆ ಒಂದೇ ದಿನದಲ್ಲಿ ಹೋಗಿ ಬರುವುದು: ಹಂತ ಹಂತವಾಗಿ

ಇಟಲಿಯ ನೇಪಲ್ಸ್ ಊರಿನ ಎದುರಿನ ಕಾಪ್ರಿ ದ್ವೀಪಕ್ಕೆ ಒಂದು ದಿನ ಹೋಗಿ ಬಂದ ನಮ್ಮವರ ಗೋಳು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ದೋಣಿ ಇಳಿದ ಕೂಡಲೇ ನೀಲಿ ಗುಹೆಗೆ, ಅಂದರೆ ಒಳಗೆ ನೀರು ನೀಲಿಯಾಗಿ ಹೊಳೆಯುವ ಸಮುದ್ರದ ಗುಹೆಗೆ, ಓಡಿದರು. ಅಲ್ಲಿ ಎರಡು ಗಂಟೆ ಕಾದರು. ವಾಪಸ್ ಬಂದು, ಹಗ್ಗದಿಂದ ಗುಡ್ಡಕ್ಕೆ ಎಳೆಯುವ ಫ್ಯುನಿಕ್ಯುಲರ್ ರೈಲಿಗೆ ಇನ್ನೊಂದು ಕ್ಯೂ ನಿಂತರು. ಊಟ ಮುಗಿಸಿ ಬೆಟ್ಟದ ಕಡೆ ಹೊರಟರೆ ಕುರ್ಚಿ ಲಿಫ್ಟ್ ಮುಚ್ಚುವ ಹೊತ್ತು. ಸಂಜೆ ಬಂದರಿಗೆ ಇಳಿದರೆ ಬೇಕಾದ ದೋಣಿಯಲ್ಲಿ ಸೀಟಿಲ್ಲ. ‘ದುಡ್ಡು ಸುಮ್ನೆ ಹೋಯ್ತು’ ಅಂತ ಫೋನ್ ಮಾಡುತ್ತಾರೆ.

ತಪ್ಪು ದ್ವೀಪದ್ದಲ್ಲ, ಯಾವುದನ್ನು ಮೊದಲು ಮಾಡಿದರು ಅನ್ನುವುದರದ್ದು. ಮೊದಲ ಸಲ ಹೋದಾಗ ನಾನೂ ಇದನ್ನೇ ಮಾಡಿ ಪೆಟ್ಟು ತಿಂದೆ. ಈಗ ಯಾರು ಕೇಳಿದರೂ ಹೇಳುವುದು ಇಷ್ಟೇ: ವಾಪಸ್ ಬರುವ ದೋಣಿಯನ್ನು ಮೊದಲು ಗೊತ್ತು ಮಾಡಿ. ದ್ವೀಪ ಮುಟ್ಟಿದ ಮೇಲೆ ನೇರ ತುದಿಗೆ ಹತ್ತಿ. ಆಮೇಲೆ ನೋಡುತ್ತ ನೋಡುತ್ತ ಕೆಳಗೆ ಇಳಿದು ಬನ್ನಿ. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದಲ್ಲಿವೆ.

## ಚೀಲದಲ್ಲಿ ಏನಿರಬೇಕು

ಪಾಸ್‌ಪೋರ್ಟ್ ಜೊತೆಗಿರಲಿ, ಹೋಟೆಲಿನ ಲಾಕರಿನಲ್ಲಿ ಬಿಡಬೇಡಿ. ತುಂಬಾ ಜನ ಕೇಳುವ ಪ್ರಶ್ನೆ ಒಂದಿದೆ: ಸಿಂಗಲ್ ಎಂಟ್ರಿ ಷೆಂಗೆನ್ ವೀಸಾ ಇದ್ದರೆ ದ್ವೀಪಕ್ಕೆ ಹೋಗಿ ಮತ್ತೆ ಒಳಗೆ ಬರಬಹುದಾ? ಬರಬಹುದು. ಕಾಪ್ರಿಯೂ ಇಟಲಿಯೇ, ದೇಶ ಬಿಟ್ಟ ಹಾಗಾಗುವುದಿಲ್ಲ.

ಹಿಡಿತವಿರುವ ಶೂ ಬೇಕು. ದ್ವೀಪದಲ್ಲಿ ಸಮತಟ್ಟಾದ ಜಾಗ ಕಡಿಮೆ, ಮೆಟ್ಟಿಲು ಜಾಸ್ತಿ. ಬೇಸಿಗೆಯಾದರೂ ಗಾಳಿ ತಡೆಯುವ ತೆಳ್ಳನೆಯ ಜಾಕೆಟ್ ಇಟ್ಟುಕೊಳ್ಳಿ. ನೀರಿನ ಬಾಟಲಿ, ಪವರ್ ಬ್ಯಾಂಕ್, ಸಣ್ಣ ನೋಟುಗಳಲ್ಲಿ ಐವತ್ತು ಯೂರೊ, ಟಿಕೆಟ್‌ಗಳ ಸ್ಕ್ರೀನ್‌ಶಾಟ್, ವಾಂತಿ ತಡೆಯುವ ಮಾತ್ರೆ ಇದ್ದರೆ ಸಾಕು.

ಚಕ್ರದ ಸೂಟ್‌ಕೇಸ್ ಮಾತ್ರ ತರಲೇಬೇಡಿ. ದೋಣಿಯಲ್ಲಿ ದೊಡ್ಡ ಲಗೇಜಿಗೆ ಬೇರೆ ದುಡ್ಡು ಕೇಳುತ್ತಾರೆ. ದ್ವೀಪದ ಬಸ್ಸುಗಳು ನಮ್ಮ ಮಿನಿ ಬಸ್ಸಿಗಿಂತ ಚಿಕ್ಕವು, ಅದರೊಳಗೆ ಪೆಟ್ಟಿಗೆ ಇಡಲು ಜಾಗ ಎಲ್ಲಿ? ರೋಮ್‌ನಿಂದ ಅಮಾಲ್ಫಿ ಕಡೆಗೆ ಹೋಗುವ ದಾರಿಯಲ್ಲಿ ಕಾಪ್ರಿ ನೋಡುವವರು ನೇಪಲ್ಸ್‌ನ ಮುಖ್ಯ ರೈಲು ನಿಲ್ದಾಣದಲ್ಲಿ ಸಾಮಾನು ಇಟ್ಟುಬಿಡಿ. ಅಲ್ಲಿ ‘ದೆಪೊಸಿತೊ ಬಗಾಲ್ಯಿ’ ಅಂತ ಲಗೇಜ್ ಕೋಣೆ ಇದೆ.

## ಹಂತ 1: ದಿನ ಆರಿಸಿ

ಮೇ, ಜೂನ್ ಮೊದಲ ವಾರಗಳು, ಸೆಪ್ಟೆಂಬರ್ ಕೊನೆ ಒಳ್ಳೆಯದು. ಆಗಸ್ಟ್ ಬೇಡ. ಅದರಲ್ಲೂ ಆಗಸ್ಟ್ 15ರ ಆಸುಪಾಸು ಇಡೀ ಇಟಲಿಗೇ ರಜೆ. ನವೆಂಬರ್‌ನಿಂದ ಮಾರ್ಚ್ ನಡುವೆ ಹೋಗುವವರು ಆಸೆ ಕಡಿಮೆ ಮಾಡಿಕೊಳ್ಳಿ: ದೋಣಿಗಳು ಕಡಿಮೆ, ಅರ್ಧ ಅಂಗಡಿಗಳಿಗೆ ಬೀಗ, ನೀಲಿ ಗುಹೆ ತೆರೆಯುವ ದಿನಗಳು ಅಪರೂಪ, ಫ್ಯುನಿಕ್ಯುಲರ್ ಕೂಡ ದುರಸ್ತಿಗೆ ನಿಲ್ಲುವುದುಂಟು.

ಪ್ರವಾಸದ ಕೊನೆಯ ದಿನ, ಅಂದರೆ ರಾತ್ರಿ ವಿಮಾನ ಇರುವ ದಿನ, ಕಾಪ್ರಿ ಇಟ್ಟುಕೊಳ್ಳಬೇಡಿ. ದೋಣಿ ನಿಂತರೆ ವಿಮಾನವೂ ಹೋಯಿತು.

## ಹಂತ 2: ಹಿಂದಿನ ದಿನ ಗಾಳಿ ನೋಡಿ

ನಾವು ಹವಾಮಾನ ಅಂದರೆ ಮಳೆ ನೋಡುತ್ತೇವೆ. ಇಲ್ಲಿ ಮಳೆ ಮುಖ್ಯವಲ್ಲ, ಗಾಳಿ ಮತ್ತು ಅಲೆ ಮುಖ್ಯ. ಕಣ್ಣು ಕುಕ್ಕುವ ಬಿಸಿಲಿದ್ದ ದಿನವೇ ದೋಣಿ ರದ್ದಾದದ್ದು ನನಗೆ ಗೊತ್ತು. ಬಂದರಿನಲ್ಲಿ ನಿಂತ ಜನ ಆಕಾಶ ನೋಡಿಕೊಂಡು ‘ಯಾಕೆ ರದ್ದು?’ ಅಂತ ಜಗಳ ಆಡುತ್ತಿದ್ದರು.

ಇಟಲಿಯ ಸಮುದ್ರ ಮುನ್ಸೂಚನೆಯಲ್ಲಿ ನಾಲ್ಕು ಮಾತು ಕಲಿತರೆ ಸಾಕು. ‘ಪೊಕೊ ಮೊಸ್ಸೊ’ ಅಂದರೆ ಸಣ್ಣ ಅಲೆ, ಧೈರ್ಯವಾಗಿ ಹೋಗಿ. ‘ಮೊಸ್ಸೊ’ ಅಂದರೆ ಅಲೆ ಅರ್ಧ ಮೀಟರಿನಿಂದ 1.25 ಮೀಟರ್. ದೋಣಿ ಓಡುತ್ತದೆ, ಆದರೆ ಹೊಟ್ಟೆ ತೊಳಸುತ್ತದೆ, ನೀಲಿ ಗುಹೆ ಮುಚ್ಚಿರುವ ಸಾಧ್ಯತೆ ಜಾಸ್ತಿ. ‘ಮೊಲ್ತೊ ಮೊಸ್ಸೊ’ ಅಂದರೆ 1.25ರಿಂದ 2.5 ಮೀಟರ್. ಇಂಥ ದಿನ ವೇಗದ ದೋಣಿಗಳು ಒಂದೊಂದಾಗಿ ರದ್ದಾಗತೊಡಗುತ್ತವೆ. ‘ಅಜಿತಾತೊ’ ಅಂದರೆ ಅದಕ್ಕಿಂತಲೂ ದೊಡ್ಡ ಅಲೆ. ಹಾಗಿದ್ದರೆ ಕಾಪ್ರಿ ಬಿಟ್ಟು, ನೇಪಲ್ಸ್ ಹತ್ತಿರದ ಹಳೆಯ ರೋಮನ್ ಊರಿನ ಅವಶೇಷ ಪೊಂಪೇಯಿಗೆ ಹೋಗಿ.

ಬೆಳಿಗ್ಗೆ ಸಮುದ್ರ ಶಾಂತವಾಗಿದ್ದು ಮಧ್ಯಾಹ್ನ ಕೆಡುತ್ತದೆ ಅಂತ ಮುನ್ಸೂಚನೆ ಇದ್ದರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ಹೋಗುವುದು ಸುಲಭ, ಬರುವುದೇ ಕಷ್ಟ. ಅಂಥ ದಿನ ಹೋಗಲೇಬೇಡಿ.

## ಹಂತ 3: ವಾಪಸ್ ಟಿಕೆಟ್ ಮೊದಲು

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಒಂದು ಅಭ್ಯಾಸ ಇರುತ್ತದೆ: ಹೋಗಿ ಬರುವುದಕ್ಕೆ ಸೇರಿಸಿ ಒಂದೇ ಟಿಕೆಟ್ ತಗೊಂಡರೆ ಮುಗಿಯಿತು. ಕಾಪ್ರಿಯಲ್ಲಿ ಹಾಗಿಲ್ಲ. ಕಾರೆಮಾರ್, ಸ್ನಾವ್, ಎನ್‌ಎಲ್‌ಜಿ ಹೀಗೆ ಬೇರೆ ಬೇರೆ ಕಂಪನಿಗಳು ಓಡಿಸುತ್ತವೆ. ಒಬ್ಬರ ಟಿಕೆಟ್ ಇನ್ನೊಬ್ಬರ ದೋಣಿಯಲ್ಲಿ ನಡೆಯುವುದಿಲ್ಲ. ಟಿಕೆಟ್ ಮೇಲೆ ಬರೆದ ಹೊತ್ತಿನ ದೋಣಿಯೇ ನಿಮ್ಮದು. ಎದುರಿಗೆ ಖಾಲಿ ದೋಣಿ ಹೊರಡುತ್ತಿದ್ದರೂ ಹತ್ತಿಸಿಕೊಳ್ಳುವುದಿಲ್ಲ.

ಸೀಸನ್‌ನಲ್ಲಿ ಹೀಗೆ ಮಾಡಿ. ಹಿಂದಿನ ದಿನ ಸಂಜೆ, ಗಾಳಿ ನೋಡಿದ ಮೇಲೆ, ಆನ್‌ಲೈನ್‌ನಲ್ಲಿ ನಿಮ್ಮ ತಾರೀಕಿನ ವೇಳಾಪಟ್ಟಿ ತೆರೆಯಿರಿ. ಕಾಪ್ರಿಯಿಂದ ನೇಪಲ್ಸ್‌ಗೆ ಬರುವ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ನೋಡಿ. ಅದನ್ನು ಬುಕ್ ಮಾಡಬೇಡಿ. ಅದಕ್ಕಿಂತ ಎರಡು ಮೊದಲಿನದು ತಗೊಳ್ಳಿ. ಅದು ತಪ್ಪಿದರೂ ರದ್ದಾದರೂ ಹಿಂದೆ ಇನ್ನೂ ಎರಡು ಇರುತ್ತವೆ. ವಾಪಸ್ ಗೊತ್ತಾದ ಮೇಲೆ ಬೆಳಿಗ್ಗೆ ಎಂಟರ ಆಸುಪಾಸಿನ ದೋಣಿ ಬುಕ್ ಮಾಡಿ. ಹತ್ತು ಗಂಟೆಯ ಮೇಲೆ ದ್ವೀಪ ಮುಟ್ಟುವವರಿಗೆ ಒಂದು ದಿನ ಸಾಲುವುದಿಲ್ಲ.

ದರ ಒಂದು ಕಡೆಗೆ ಸುಮಾರು 20ರಿಂದ 27 ಯೂರೊ. ಹೋಗುವ ಟಿಕೆಟ್‌ನಲ್ಲಿ ದ್ವೀಪಕ್ಕೆ ಕಾಲಿಡುವ ಶುಲ್ಕವೂ ಸೇರಿರುತ್ತದೆ. ಅದು 2.50 ಇತ್ತು, 2024ರಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸೀಸನ್‌ಗೆ 5 ಯೂರೊ ಮಾಡಿದರು. ಹೋಗುವ ಟಿಕೆಟ್ಟೇ ದುಬಾರಿ ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಇದೇ ಕಾರಣ.

ವೇಗದ ದೋಣಿ ಬೇಕಾ, ನಿಧಾನದ್ದು ಬೇಕಾ? ‘ಅಲಿಸ್ಕಾಫೊ’ ಅಂದರೆ ವೇಗದ್ದು, ಸುಮಾರು 50 ನಿಮಿಷ. ಒಳಗೇ ಕೂರಬೇಕು, ಉಪ್ಪು ಮೆತ್ತಿದ ಗಾಜಿನಾಚೆ ಏನೂ ಸರಿಯಾಗಿ ಕಾಣಿಸುವುದಿಲ್ಲ. ‘ತ್ರಗೆತ್ತೊ’ ಅಂದರೆ ದೊಡ್ಡ ಫೆರಿ, ಸುಮಾರು 80 ನಿಮಿಷ. ಮೇಲೆ ತೆರೆದ ಡೆಕ್ ಇರುತ್ತದೆ, ಅಲುಗಾಟ ಕಡಿಮೆ, ದುಡ್ಡೂ ಕಡಿಮೆ. ನನ್ನ ಮಟ್ಟಿಗೆ ಹೋಗುವಾಗ ವೇಗದ್ದು, ಬರುವಾಗ ನಿಧಾನದ್ದು. ಬಸ್ಸಿನಲ್ಲೇ ವಾಂತಿ ಮಾಡುವ ಪೈಕಿಯವರು ಎರಡೂ ಸಲ ಫೆರಿ ಹುಡುಕಿ.

## ಹಂತ 4: ಸರಿಯಾದ ಬಂದರಿಗೆ ಹೋಗಿ

ಜನ ದೋಣಿ ತಪ್ಪಿಸಿಕೊಳ್ಳುವುದು ತಡವಾಗಿ ಎದ್ದದ್ದಕ್ಕಲ್ಲ, ತಪ್ಪು ಜಾಗಕ್ಕೆ ಹೋದದ್ದಕ್ಕೆ. ನೇಪಲ್ಸ್‌ನಲ್ಲಿ ‘ಮೊಲೊ ಬೆವೆರೆಲ್ಲೊ’ ಒಂದು, ‘ಕಲಾತಾ ಪೋರ್ತಾ ದಿ ಮಾಸ್ಸಾ’ ಇನ್ನೊಂದು. ವೇಗದ ದೋಣಿಗಳು ಮೊದಲನೆಯದರಿಂದ, ದೊಡ್ಡ ಫೆರಿಗಳು ಎರಡನೆಯದರಿಂದ ಹೊರಡುತ್ತವೆ. ಎರಡರ ನಡುವೆ ಸಾಕಷ್ಟು ನಡೆಯಬೇಕು. ಟಿಕೆಟ್‌ನಲ್ಲಿ ಬರೀ ‘ನಾಪೊಲಿ’ ಅಂತ ಓದಿ ಸುಮ್ಮನಾಗಬೇಡಿ, ಅದರ ಮುಂದಿನ ಪದವನ್ನೂ ಓದಿ.

ರೈಲು ನಿಲ್ದಾಣದಿಂದ ಬೆವೆರೆಲ್ಲೊಗೆ ಮೆಟ್ರೊ 1ನೇ ಲೈನಿನಲ್ಲಿ ಗಾರಿಬಾಲ್ದಿಯಿಂದ ಮುನಿಚಿಪಿಯೊ ಸ್ಟೇಷನ್ನಿಗೆ ಬನ್ನಿ. ಅಲ್ಲಿಂದ ಬಂದರು ನಡೆದಷ್ಟು ದೂರ. ರೋಮ್‌ನಿಂದ ಬರುವವರಿಗೆ ವೇಗದ ರೈಲು ಸುಮಾರು ಒಂದು ಗಂಟೆ ಹತ್ತು ನಿಮಿಷ. ರೈಲು ಮುಟ್ಟುವ ಹೊತ್ತಿಗೂ ದೋಣಿ ಹೊರಡುವ ಹೊತ್ತಿಗೂ ನಡುವೆ ಒಂದು ಗಂಟೆಗಿಂತ ಕಡಿಮೆ ಇಟ್ಟುಕೊಂಡರೆ ಓಡಬೇಕಾಗುತ್ತದೆ. ನೇಪಲ್ಸ್‌ನ ಬೀದಿಯಲ್ಲಿ ಓಡುವುದು ಮೆಜೆಸ್ಟಿಕ್‌ನಲ್ಲಿ ಓಡಿದ ಹಾಗೆಯೇ, ಬೇಡ.

ಕೊಲ್ಲಿಯ ಇನ್ನೊಂದು ಬದಿಯ ಊರು ಸೊರೆಂತೊದಲ್ಲಿ ಉಳಿದುಕೊಂಡವರಿಗೆ ದೋಣಿ ಪ್ರಯಾಣ 20ರಿಂದ 25 ನಿಮಿಷ ಅಷ್ಟೇ. ಆದರೆ ಅಲ್ಲಿ ಹೆಸರಿನ ಗೊಂದಲ ಇದೆ. ಸೊರೆಂತೊದಲ್ಲಿ ‘ಮರೀನಾ ಪಿಕ್ಕೊಲಾ’, ‘ಮರೀನಾ ಗ್ರಾಂದೆ’ ಅಂತ ಎರಡು ಜಾಗ. ಕಾಪ್ರಿಯಲ್ಲೂ ಅವೇ ಎರಡು ಹೆಸರು! ಸೊರೆಂತೊದಲ್ಲಿ ದೋಣಿ ಹತ್ತುವುದು ಪಿಕ್ಕೊಲಾದಿಂದ, ಕಾಪ್ರಿಯಲ್ಲಿ ಇಳಿಯುವುದು ಗ್ರಾಂದೆಯಲ್ಲಿ. ‘ಗ್ರಾಂದೆ’ ಅಂದರೆ ದೊಡ್ಡದು, ಹಾಗಾದರೆ ದೊಡ್ಡ ಬಂದರು ಅದೇ ಇರಬೇಕು ಅಂತ ಸೊರೆಂತೊದ ಮರೀನಾ ಗ್ರಾಂದೆಗೆ ಇಳಿದು ಹೋದವರಿಗೆ ಸಿಗುವುದು ಮೀನುಗಾರರ ಕೇರಿ ಮತ್ತು ಹೋಟೆಲುಗಳು. ಮತ್ತೆ ಮೇಲೆ ಹತ್ತಿ ಬರುವಷ್ಟರಲ್ಲಿ ದೋಣಿ ಹೋಗಿರುತ್ತದೆ.

ಹೊರಡುವ ಅರ್ಧ ಗಂಟೆ ಮೊದಲೇ ಬಂದರಿನಲ್ಲಿರಿ. ಬೋರ್ಡಿನಲ್ಲಿ ‘ಪಾರ್ತೆಂಜೆ’ ಅಂದರೆ ಹೊರಡುವ ದೋಣಿಗಳು. ‘ರಿತಾರ್ದೊ’ ಅಂದರೆ ತಡ, ‘ಸೊಪ್ರೆಸ್ಸೊ’ ಅಂದರೆ ರದ್ದು. ಅಕ್ಕಪಕ್ಕದಲ್ಲೇ ಇಸ್ಕಿಯಾ, ಪ್ರೋಚಿದಾ ದ್ವೀಪಗಳ ದೋಣಿಗಳೂ ನಿಂತಿರುತ್ತವೆ. ಹತ್ತುವ ಮೊದಲು ‘ಕಾಪ್ರಿ?’ ಅಂತ ಬಾಯಿಬಿಟ್ಟು ಕೇಳಿ. ಹೆಸರಿನ ಮೊದಲ ಅಕ್ಷರದ ಮೇಲೆ ಒತ್ತು ಕೊಡಿ, ಬೇಗ ಅರ್ಥವಾಗುತ್ತದೆ.

## ಹಂತ 5: ದೋಣಿಯಲ್ಲಿ ಎಲ್ಲಿ ಕೂರಬೇಕು

ಮುಂದಿನ ಸೀಟಿಗೆ ಓಡಬೇಡಿ. ಅಲೆಗೆ ಎಲ್ಲಕ್ಕಿಂತ ಜಾಸ್ತಿ ಎಗರುವುದು ದೋಣಿಯ ಮುಂಭಾಗ. ಮಧ್ಯದಿಂದ ಸ್ವಲ್ಪ ಹಿಂದೆ, ಕೆಳಗಿನ ಅಂತಸ್ತಿನಲ್ಲಿ ಕೂತರೆ ಅಲುಗಾಟ ಕಡಿಮೆ.

ಮಾತ್ರೆ ತಗೊಳ್ಳುವವರು ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ತಗೊಳ್ಳಿ. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಮಾತ್ರೆಯಿಂದ ನಿದ್ದೆ ಬರಬಹುದು, ಮಕ್ಕಳಿಗೆ ಕೊಡುವುದಿದ್ದರೆ ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ತುಂಬಾ ಕೆನೆ ತುಂಬಿದ ತಿಂಡಿಯೂ ಬೇಡ. ಎರಡು ಒಣ ಬಿಸ್ಕತ್ತು ಸಾಕು. ಮೊಬೈಲ್ ಒಳಗಿಡಿ. ದೂರದ ದಂಡೆಯನ್ನು ನೋಡುತ್ತ ಕೂತವರಿಗೆ ತೊಂದರೆ ಕಡಿಮೆ, ವಾಟ್ಸಾಪ್ ನೋಡುತ್ತ ಕೂತವರಿಗೆ ಜಾಸ್ತಿ.

## ಹಂತ 6: ಇಳಿದ ಮೊದಲ ಹದಿನೈದು ನಿಮಿಷ

ದಿನ ಗೆಲ್ಲುವುದೋ ಸೋಲುವುದೋ ಇಲ್ಲೇ ತೀರ್ಮಾನವಾಗುತ್ತದೆ. ಮರೀನಾ ಗ್ರಾಂದೆಯಲ್ಲಿ ಇಳಿದ ಕೂಡಲೇ ‘ಬ್ಲೂ ಗ್ರಾಟೊ, ಬ್ಲೂ ಗ್ರಾಟೊ’ ಅಂತ ಕೂಗುತ್ತ ಬೋಟಿನವರು ಎದುರಾಗುತ್ತಾರೆ. ನಿಮ್ಮ ಜೊತೆ ಇಳಿದ ಮುನ್ನೂರು ಜನರಲ್ಲಿ ಒಂದಷ್ಟು ಮಂದಿ ಅವರ ಹಿಂದೆ ಹೋಗುತ್ತಾರೆ. ಉಳಿದವರು ಫ್ಯುನಿಕ್ಯುಲರ್ ಕ್ಯೂನಲ್ಲಿ ನಿಲ್ಲುತ್ತಾರೆ. ನೀವು ಎರಡೂ ಮಾಡಬೇಡಿ.

ಬೋಟ್ ಕೌಂಟರಿನಲ್ಲಿ ಒಂದೇ ಮಾತು ಕೇಳಿ: ‘ಗ್ರೊತ್ತಾ ಅಜ್ಜುರ್ರಾ, ಅಪೆರ್ತಾ?’ ಗುಹೆ ತೆರೆದಿದೆಯಾ ಅಂತ. ‘ಕ್ಯೂಸಾ’ ಅಂದರೆ ಮುಚ್ಚಿದೆ, ಆಸೆ ಅಲ್ಲಿಗೇ ಬಿಡಿ. ‘ಅಪೆರ್ತಾ’ ಅಂದರೆ ತೆರೆದಿದೆ, ಅದನ್ನು ನೆನಪಿಟ್ಟುಕೊಂಡು ಬಸ್ ಕಡೆ ಹೋಗಿ.

ಬಸ್ ಟಿಕೆಟ್ ಬಂದರಿನ ಕೌಂಟರಿನಲ್ಲಿ ಸಿಗುತ್ತದೆ, ಒಂದಕ್ಕೆ ಸುಮಾರು 2.40 ಯೂರೊ. ಫ್ಯುನಿಕ್ಯುಲರ್ ಟಿಕೆಟ್ ಕೌಂಟರ್ ಕೂಡ ರೈಲಿನ ಬಾಗಿಲಲ್ಲಿಲ್ಲ, ಬೇರೆ ಕಡೆ ಇದೆ. ಟಿಕೆಟ್ ಇಲ್ಲದೆ ರೈಲಿನ ಕ್ಯೂನಲ್ಲಿ ಇಪ್ಪತ್ತು ನಿಮಿಷ ನಿಂತು ವಾಪಸ್ ಬಂದವರನ್ನು ಪ್ರತಿ ಸಲವೂ ನೋಡುತ್ತೇನೆ. ಇಡೀ ದಿನಕ್ಕೆ ಬೇಕಾಗುವ ಮೂರೋ ನಾಲ್ಕೋ ಟಿಕೆಟ್ ಒಟ್ಟಿಗೇ ತಗೊಂಡುಬಿಡಿ.

ನೇರ ಅನಾಕಾಪ್ರಿಗೆ ಹೋಗುವ ಬಸ್ ಹತ್ತಿ. ದ್ವೀಪದಲ್ಲಿ ಊರು ಎರಡು: ಕೆಳಗೆ ಕಾಪ್ರಿ, ಮೇಲೆ ಅನಾಕಾಪ್ರಿ. ನೇರ ಬಸ್ ತಡ ಅಂತ ಕಂಡರೆ ಫ್ಯುನಿಕ್ಯುಲರ್‌ನಲ್ಲಿ ಕಾಪ್ರಿ ಊರಿಗೆ ಹತ್ತಿ, ಅಲ್ಲಿ ವಿಯಾ ರೋಮಾದ ನಿಲ್ದಾಣದಿಂದ ಅನಾಕಾಪ್ರಿ ಬಸ್ ಹಿಡಿಯಿರಿ. ರೈಲಿನ ಪ್ರಯಾಣ ಐದು ನಿಮಿಷವೂ ಇಲ್ಲ. ನಾಲ್ಕೈದು ಜನ ಇದ್ದರೆ ಮೇಲ್ಛಾವಣಿ ತೆರೆದ ಟ್ಯಾಕ್ಸಿಯೂ ಇದೆ, ಆದರೆ ಹತ್ತುವ ಮೊದಲು ಒಟ್ಟು ಎಷ್ಟು ಅಂತ ಕೇಳಿ. ಆಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಬಸ್ ರಸ್ತೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಆಗುಂಬೆ ಘಾಟಿ ಇಳಿದವರಿಗೆ ಹೊಸದೇನಲ್ಲ. ಎತ್ತರದ ಭಯ ಇದ್ದವರು ಬಂಡೆಯ ಪಕ್ಕಕ್ಕೆ ನಿಲ್ಲಿ.

## ಹಂತ 7: ಮೊದಲು ತುದಿ, ಮೊಂತೆ ಸೊಲಾರೊ

ಅನಾಕಾಪ್ರಿಯ ಪಿಯಾಜ್ಜಾ ವಿತ್ತೋರಿಯಾ ಅನ್ನುವ ಚೌಕದಲ್ಲಿ ಇಳಿದರೆ ಕುರ್ಚಿ ಲಿಫ್ಟ್ ಪಕ್ಕದಲ್ಲೇ ಇದೆ. ಇದಕ್ಕೆ ‘ಸೆಜ್ಜೊವಿಯಾ’ ಅನ್ನುತ್ತಾರೆ. ಹೋಗಿ ಬರಲು ಸುಮಾರು 14 ಯೂರೊ. ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ, ಹದಿಮೂರು ನಿಮಿಷದಲ್ಲಿ 589 ಮೀಟರ್ ಎತ್ತರದ ತುದಿ. ಇಡೀ ದ್ವೀಪದಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ.

ಬೆಳಿಗ್ಗೆಯೇ ಯಾಕೆ? ಎರಡು ಕಾರಣ. ಹತ್ತು ಗಂಟೆಯ ಮೊದಲು ಕ್ಯೂ ಇರುವುದಿಲ್ಲ, ಹನ್ನೊಂದರ ಮೇಲೆ ಬೀದಿವರೆಗೆ ಬೆಳೆಯುತ್ತದೆ. ಎರಡನೆಯದು, ಬಿಸಿಲೇರಿದ ಮೇಲೆ ತುದಿಗೆ ಮೋಡ ಮುತ್ತುವುದುಂಟು. ಬಸ್ಸಿನಿಂದ ಇಳಿದ ಕೂಡಲೇ ತಲೆಯೆತ್ತಿ ನೋಡಿ. ಬೆಟ್ಟದ ನೆತ್ತಿ ಬೆಳ್ಳಗೆ ಮುಚ್ಚಿದ್ದರೆ ಅರ್ಧ ಗಂಟೆ ಊರು ಸುತ್ತಿ ಬನ್ನಿ. ಮೋಡದೊಳಗೆ ಹೋಗಿ ಕೂರಲು 14 ಯೂರೊ ಯಾಕೆ?

ಕುರ್ಚಿ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ನೆಲದ ಮೇಲೆ ಗುರುತಿದೆ, ಅಲ್ಲಿ ನಿಂತರೆ ಹಿಂದಿನಿಂದ ಬಂದು ಮೊಣಕಾಲ ಹಿಂದೆ ತಗಲುತ್ತದೆ. ಕೂತುಬಿಡಿ, ಅಷ್ಟೇ. ಸಿಬ್ಬಂದಿ ಹಿಡಿದುಕೊಳ್ಳುತ್ತಾರೆ. ಬ್ಯಾಗ್ ಬೆನ್ನಿಗಲ್ಲ, ತೊಡೆಯ ಮೇಲೆ. ಸೀರೆಯ ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಸಡಿಲ ಚಪ್ಪಲಿ ಹಾಕಿಕೊಂಡಿದ್ದರೆ ಕೈಯಲ್ಲಿ ಹಿಡಿದುಕೊಳ್ಳಿ, ಕೆಳಗಿನ ತೋಟಗಳಲ್ಲಿ ಬಿದ್ದ ಚಪ್ಪಲಿಗಳನ್ನು ನಾನೇ ನೋಡಿದ್ದೇನೆ. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಮೊದಲು ಐದು ನಿಮಿಷ ನಿಂತು ಬೇರೆಯವರು ಹತ್ತುವುದನ್ನು ತೋರಿಸಿ. ಬೇಡ ಅಂದರೆ ಒತ್ತಾಯ ಮಾಡಬೇಡಿ.

ಮೇಲೆ ಮುಕ್ಕಾಲು ಗಂಟೆ ಸಾಕು. ಸಮುದ್ರದಲ್ಲಿ ಎದ್ದು ನಿಂತ ಮೂರು ಬಂಡೆಗಳ ಫರಾಲ್ಯೋನಿ, ಎದುರಿನ ಸೊರೆಂತೊ ಚಾಚು, ಅದರಾಚೆ ವೆಸುವಿಯಸ್ ಜ್ವಾಲಾಮುಖಿ, ಎಲ್ಲ ಇಲ್ಲಿಂದಲೇ ಕಾಣುತ್ತವೆ.

## ಹಂತ 8: ನೀಲಿ ಗುಹೆ ಬೇಕಾ ಬೇಡವಾ

ಈಗ ಹನ್ನೊಂದು, ಹನ್ನೊಂದೂವರೆ ಆಗಿರುತ್ತದೆ. ಬೆಳಿಗ್ಗೆ ‘ಅಪೆರ್ತಾ’ ಅಂದಿದ್ದರು ಅಲ್ವಾ? ಈಗ ತೀರ್ಮಾನ ಮಾಡಿ.

ಗುಹೆಯ ಬಾಯಿ ನೀರಿನ ಮೇಲೆ ಸುಮಾರು ಒಂದು ಮೀಟರ್ ಅಷ್ಟೇ. ಪುಟ್ಟ ಹುಟ್ಟುದೋಣಿಯಲ್ಲಿ ಮೂರ್ನಾಲ್ಕು ಜನ ಅಂಗಾತ ಮಲಗಬೇಕು. ಅಂಬಿಗ ಬಂಡೆಗೆ ಕಟ್ಟಿದ ಸರಪಳಿ ಹಿಡಿದು, ಅಲೆ ಇಳಿದ ಕ್ಷಣದಲ್ಲಿ ದೋಣಿಯನ್ನು ಒಳಗೆ ಎಳೆಯುತ್ತಾನೆ. ಆದ್ದರಿಂದಲೇ ಸ್ವಲ್ಪ ಅಲೆ ಎದ್ದರೂ ಮುಚ್ಚುತ್ತಾರೆ. ಗುಹೆ ಇರುವುದು ದ್ವೀಪದ ವಾಯವ್ಯ ದಂಡೆಯಲ್ಲಿ. ಬಂದರಿನಲ್ಲಿ ನೀರು ಶಾಂತವಾಗಿದ್ದರೂ ಆ ಕಡೆಯಿಂದ ಗಾಳಿ ಬೀಸಿದರೆ ಗುಹೆ ಬಂದ್.

ಒಳಗಿನ ಬಣ್ಣ ಬರುವುದು ಮೇಲಿನ ಬಾಯಿಂದಲ್ಲ. ನೀರಿನ ಕೆಳಗೆ ಅದಕ್ಕಿಂತ ದೊಡ್ಡ ಕಂಡಿ ಇದೆ. ಬಿಸಿಲು ಅಲ್ಲಿಂದ ನೀರನ್ನು ದಾಟಿ ಬರುವಾಗ ಕೆಂಪು ಬಣ್ಣವನ್ನು ನೀರು ಹೀರಿಕೊಳ್ಳುತ್ತದೆ, ನೀಲಿ ಉಳಿಯುತ್ತದೆ. ಹಾಗಾಗಿ ಸೂರ್ಯ ಮೇಲಿರುವ ಹನ್ನೆರಡರಿಂದ ಎರಡು ಗಂಟೆ ಒಳ್ಳೆಯ ಹೊತ್ತು. ಬೆಳಿಗ್ಗೆ ಒಂಬತ್ತಕ್ಕೇ ಓಡಿ ಹೋದವರಿಗೆ ಅರ್ಧ ಬಣ್ಣವೇ ಸಿಕ್ಕಿರುತ್ತದೆ. ಮೋಡದ ದಿನ ಹೋಗುವುದು ದಂಡ.

ಅನಾಕಾಪ್ರಿಯಿಂದ ಗುಹೆಯ ದಂಡೆಗೆ ಬಸ್ ಇದೆ. ಇಳಿದು ಕೆಲವು ಮೆಟ್ಟಿಲು ಕೆಳಗೆ ಹೋದರೆ ಹುಟ್ಟುದೋಣಿಯವರು ಬಂದು ಹತ್ತಿಸಿಕೊಳ್ಳುತ್ತಾರೆ. ಈ ದಾರಿಯಲ್ಲಿ ಗುಹೆಯ ಸುಮಾರು 18 ಯೂರೊ ಮಾತ್ರ ಖರ್ಚು. ಬಂದರಿನಿಂದ ಮೋಟಾರ್ ಬೋಟಿನಲ್ಲಿ ಬಂದರೆ ಆ ಬೋಟಿನ ದುಡ್ಡು ಬೇರೆ, ಗುಹೆಯ ದುಡ್ಡು ಬೇರೆ. ‘ಟಿಕೆಟ್ ತಗೊಂಡಿದ್ದೆವಲ್ಲ, ಮತ್ತೆ ಯಾಕೆ ಕೇಳುತ್ತಾರೆ’ ಅಂತ ನಡುನೀರಿನಲ್ಲಿ ಜಗಳ ಆಗುವುದು ಇದಕ್ಕೇ. ಅಂಬಿಗ ಹಾಡುತ್ತಾನೆ, ಹೊರಗೆ ಬಂದ ಮೇಲೆ ಟಿಪ್ಸ್ ನಿರೀಕ್ಷಿಸುತ್ತಾನೆ. ಒಂದೆರಡು ಯೂರೊ ಕೊಟ್ಟರೆ ಮುಗಿಯಿತು.

ಒಳಗೆ ಇರುವುದು ಐದು ನಿಮಿಷ. ಅದಕ್ಕೆ ಕಾಯುವುದು ಒಂದು ಗಂಟೆಯೋ ಎರಡೋ. ಮೆಟ್ಟಿಲಿಂದ ನೋಡಿದಾಗ ಕ್ಯೂ ಉದ್ದ ಇದ್ದರೆ ತಿರುಗಿ ಬನ್ನಿ. ಮಂಡಿ ನೋವು, ಬೆನ್ನು ನೋವು ಇದ್ದವರು, ಇಕ್ಕಟ್ಟಿನಲ್ಲಿ ಉಸಿರು ಕಟ್ಟುವವರು ಹೋಗುವುದೇ ಬೇಡ. ಹತ್ತಿಪ್ಪತ್ತು ನಿಮಿಷದಿಂದ ಅಲೆ ಏರುತ್ತಿದೆ ಅಂತ ಕಂಡರೂ ಬೇಡ, ಕ್ಯೂನ ತುದಿ ಮುಟ್ಟುವಾಗ ಮುಚ್ಚಿಬಿಡುತ್ತಾರೆ.

ಗುಹೆ ಬಿಟ್ಟವರಿಗೆ ಅನಾಕಾಪ್ರಿಯಲ್ಲೇ ವಿಲ್ಲಾ ಸಾನ್ ಮಿಕೆಲೆ ಅನ್ನುವ, ತೋಟವಿರುವ ಹಳೆಯ ಮನೆ ಇದೆ, ಈಗ ಅದು ಮ್ಯೂಸಿಯಂ, ಪಿಯಾಜ್ಜಾದಿಂದ ಹತ್ತು ನಿಮಿಷದ ದಾರಿ. ನನ್ನ ಕೇಳಿದರೆ ಗುಹೆಗಿಂತ ಇದೇ ವಾಸಿ, ನೆರಳಾದರೂ ಇದೆ.

## ಹಂತ 9: ಕಾಪ್ರಿ ಊರಿಗೆ ಇಳಿಯಿರಿ, ಊಟ ಮಾಡಿ

ಮಧ್ಯಾಹ್ನ ಅನಾಕಾಪ್ರಿಯಿಂದ ಇಳಿಯುವ ಬಸ್ಸು ಪಿಯಾಜ್ಜಾ ವಿತ್ತೋರಿಯಾಕ್ಕೆ ಬರುವಾಗಲೇ ತುಂಬಿರುತ್ತದೆ. ಅಲ್ಲಿ ನಿಂತು ಕೈ ಬೀಸಿದರೆ ಉಪಯೋಗವಿಲ್ಲ. ಬಸ್ ಶುರುವಾಗುವ ವಿಯಾಲೆ ದೆ ತೊಮ್ಮಾಸೊ ನಿಲ್ದಾಣಕ್ಕೆ ಸ್ವಲ್ಪ ಹಿಂದೆ ನಡೆದು ಹೋಗಿ ಹತ್ತಿ, ಸೀಟೂ ಸಿಗುತ್ತದೆ.

ಊಟದ ವಿಷಯ. ಪಿಯಾಜ್ಜೆತ್ತಾ ಅನ್ನುವ ಪುಟ್ಟ ಚೌಕದಲ್ಲಿ ಕುರ್ಚಿ ಎಳೆದು ಕೂತರೆ ಕಾಫಿಯ ಬೆಲೆ ಕೇಳಿ ಎದೆ ಒಡೆಯುತ್ತದೆ. ಕೂತು ಕುಡಿಯುವುದಕ್ಕೆ ಒಂದು ಬೆಲೆ, ಕೌಂಟರಿನಲ್ಲಿ ನಿಂತು ಕುಡಿಯುವುದಕ್ಕೆ ಇನ್ನೊಂದು. ನಮ್ಮ ದರ್ಶಿನಿ ಅಭ್ಯಾಸ ಇಲ್ಲಿ ದುಡ್ಡು ಉಳಿಸುತ್ತದೆ. ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ತಲೆಗಿಷ್ಟು ಸೇರಿಸಿದ್ದರೆ ಅದು ಮೋಸವಲ್ಲ, ಮೇಜಿಗೆ ಕೂತ ಶುಲ್ಕ.

ಸಸ್ಯಾಹಾರಿಗಳಿಗೆ ಉಪವಾಸ ಇಲ್ಲ. ಟೊಮೆಟೊ, ಮೊಜ್ಜರೆಲ್ಲಾ, ತುಳಸಿಯ ಜಾತಿಯ ಬೆಸಿಲ್ ಎಲೆ ಹಾಕಿದ ಕಾಪ್ರೆಸೆ ಈ ದ್ವೀಪದ ಹೆಸರಿನದೇ. ಅದನ್ನೇ ಬ್ರೆಡ್ಡಿನಲ್ಲಿಟ್ಟು ಪಾನಿನೊ ಮಾಡಿಕೊಡುತ್ತಾರೆ. ಚೀಸ್ ತುಂಬಿದ ರವಿಯೋಲಿಯೂ ಸಿಗುತ್ತದೆ. ‘ಸೆಂಜಾ ಕಾರ್ನೆ, ಸೆಂಜಾ ಪೆಷೆ, ಸೆಂಜಾ ವೋವಾ’ ಅಂದರೆ ಮಾಂಸ, ಮೀನು, ಮೊಟ್ಟೆ ಬೇಡ ಅಂತ. ಬರೀ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಬಂದೇ ಬರುತ್ತದೆ. ತೋರ್ತಾ ಕಾಪ್ರೆಸೆ ಅನ್ನುವ ಬಾದಾಮಿ ಚಾಕೊಲೇಟ್ ಕೇಕಿನಲ್ಲಿ ಮೈದಾ ಇಲ್ಲ, ಆದರೆ ಮೊಟ್ಟೆ ಇದೆ. ಬೆಳಿಗ್ಗೆಯೇ ನೇಪಲ್ಸ್‌ನಲ್ಲಿ ಬುತ್ತಿ ಕಟ್ಟಿಕೊಂಡು ಬಂದವರೇ ಜಾಣರು. ಚಪಾತಿಗೆ ಚಟ್ನಿಪುಡಿ ಹಚ್ಚಿಕೊಂಡು ಬಂದ ಅತ್ತಿಗೆಯೊಬ್ಬರ ಪಕ್ಕದಲ್ಲಿ ಕೂತು 18 ಯೂರೊ ಸಲಾಡ್ ತಿಂದ ನಾಚಿಕೆ ನನಗಿನ್ನೂ ಹೋಗಿಲ್ಲ. ಬುತ್ತಿಯನ್ನು ಚೌಕದ ಮೆಟ್ಟಿಲ ಮೇಲೆ ಬಿಚ್ಚಬೇಡಿ, ಗದರಿಸುತ್ತಾರೆ. ಬೆಂಚು ಇರುವ ಕಡೆ ಹೋಗಿ.

ಊಟ ಆದ ಮೇಲೆ ಅಗಸ್ಟಸ್ ತೋಟಕ್ಕೆ ಹತ್ತು ನಿಮಿಷ ನಡಿಗೆ. ಪ್ರವೇಶ ಕೆಲವೇ ಯೂರೊ. ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ವಿಯಾ ತ್ರಗಾರಾ ಹಿಡಿದು ಕೊನೆಯವರೆಗೆ ಹೋಗಿ, ಫರಾಲ್ಯೋನಿ ಬಂಡೆಗಳು ಹತ್ತಿರದಿಂದ ಕಾಣುತ್ತವೆ, ದಾರಿಯೂ ಸಮತಟ್ಟು. ಹಳೆಯ ರೋಮನ್ ಅರಮನೆಯ ಅವಶೇಷ ವಿಲ್ಲಾ ಜೋವಿಸ್ ಇಲ್ಲಿಗೆ ಸೇರಿಸಬೇಡಿ. ಅಲ್ಲಿಗೆ ಒಂದು ಕಡೆಗೇ ಮುಕ್ಕಾಲು ಗಂಟೆ ಏರು ದಾರಿ. ಅದು ಬೇಕಿದ್ದರೆ ಸೊಲಾರೊ ಬಿಡಬೇಕು.

## ಹಂತ 10: ಬಂದರಿಗೆ ಇಳಿಯುವುದು, ದೋಣಿ ಕೈಕೊಟ್ಟರೆ

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ನಮ್ಮ ಗಾದೆಯಲ್ಲೇ ಇದೆ. ಇಲ್ಲಿ ಮರೆತರೆ ರಾತ್ರಿ ದ್ವೀಪದಲ್ಲೇ, ಅದೂ ಕಾಪ್ರಿಯ ಹೋಟೆಲ್ ದರದಲ್ಲಿ.

ದೋಣಿ ಹೊರಡುವ ಒಂದೂಕಾಲು ಗಂಟೆ ಮೊದಲು ಪಿಯಾಜ್ಜೆತ್ತಾ ಬಿಡಿ. ಸಂಜೆ ಫ್ಯುನಿಕ್ಯುಲರ್ ಕ್ಯೂ ಉದ್ದವಿದ್ದರೆ ಗಾಬರಿಯಾಗಬೇಡಿ. ಚೌಕದ ಹತ್ತಿರದಿಂದ ಮರೀನಾ ಗ್ರಾಂದೆಗೆ ಮೆಟ್ಟಿಲ ದಾರಿ ಇದೆ, ಇಳಿಯಲು ಇಪ್ಪತ್ತು ನಿಮಿಷ. ಇಳಿಜಾರು ಆದ್ದರಿಂದ ಕಷ್ಟವಿಲ್ಲ, ಮಂಡಿ ಸರಿಯಿದ್ದರೆ ರೈಲಿಗಿಂತ ಬೇಗ.

ಬಂದರಿನಲ್ಲಿ ಕಟ್ಟೆಗಳಿಗೆ ನಂಬರ್ ಇದೆ. ನೇಪಲ್ಸ್, ಸೊರೆಂತೊ, ಪೊಸಿತಾನೊ, ಅಮಾಲ್ಫಿ ಎಲ್ಲದಕ್ಕೂ ಜನ ಒಂದೇ ಜಾಗದಲ್ಲಿ ಗುಂಪುಗೂಡಿರುತ್ತಾರೆ. ಬೋರ್ಡಿನಲ್ಲಿ ಕಂಪನಿಯ ಹೆಸರು, ಹೊತ್ತು, ಊರು ಮೂರನ್ನೂ ಟಿಕೆಟ್ ಜೊತೆ ಹೋಲಿಸಿ ನೋಡಿ, ಆಮೇಲೆ ಕ್ಯೂಗೆ ನಿಲ್ಲಿ.

ಅಪಾಯದ ಸೂಚನೆಗಳು ಮಧ್ಯಾಹ್ನವೇ ಕಾಣುತ್ತವೆ. ಮೇಲಿನಿಂದ ನೋಡಿದಾಗ ಸಮುದ್ರದ ಮೈಯೆಲ್ಲ ಬಿಳಿ ನೊರೆ, ಬೆಳಿಗ್ಗೆ ಓಡುತ್ತಿದ್ದ ಕುರ್ಚಿ ಲಿಫ್ಟ್ ಗಾಳಿಗೆ ನಿಲ್ಲುವುದು, ದ್ವೀಪ ಸುತ್ತುವ ಬೋಟುಗಳೆಲ್ಲ ವಾಪಸ್ ಬಂದು ಕಟ್ಟೆಗೆ ಕಟ್ಟಿಕೊಳ್ಳುವುದು. ಇವುಗಳಲ್ಲಿ ಎರಡು ಕಂಡರೆ ಉಳಿದದ್ದೆಲ್ಲ ಬಿಟ್ಟು ಬಂದರಿಗೆ ಇಳಿದು, ಮೊದಲು ಸಿಗುವ ದೋಣಿಗೆ ಟಿಕೆಟ್ ಬದಲಾಯಿಸಿಕೊಡುತ್ತಾರಾ ಕೇಳಿ.

ನಿಮ್ಮ ದೋಣಿ ರದ್ದಾಯಿತು ಅನ್ನಿ. ಮೊದಲು ರದ್ದಾಗುವುದು ವೇಗದ ದೋಣಿಗಳು. ದೊಡ್ಡ ಫೆರಿ ಅಂಥ ಅಲೆಯಲ್ಲೂ ಓಡುವುದುಂಟು, ಅದರ ಕೌಂಟರಿಗೆ ಹೋಗಿ. ಅದೂ ಇಲ್ಲದಿದ್ದರೆ ಸೊರೆಂತೊ ದೋಣಿ ಇದೆಯಾ ನೋಡಿ. ಸೊರೆಂತೊದಿಂದ ನೇಪಲ್ಸ್‌ಗೆ ಚಿರ್ಕುಮ್‌ವೆಸುವಿಯಾನಾ ರೈಲು ಸುಮಾರು ಒಂದು ಗಂಟೆ ಹತ್ತು ನಿಮಿಷ. ಜೇಬಿನ ಮೇಲೆ ಕೈ ಇರಲಿ. ಗುಂಪಿನಲ್ಲಿದ್ದರೆ ಒಬ್ಬರು ಒಂದೊಂದು ಕೌಂಟರಿಗೆ ಹೋಗಿ, ಎಲ್ಲರೂ ಒಂದೇ ಕ್ಯೂನಲ್ಲಿ ನಿಲ್ಲಬೇಡಿ.

ದುಡ್ಡು ಬಿಡಬೇಡಿ. ಐರೋಪ್ಯ ಒಕ್ಕೂಟದ 1177/2010 ನಿಯಮದ ಪ್ರಕಾರ ದೋಣಿ ರದ್ದಾದರೆ ಅಥವಾ 90 ನಿಮಿಷಕ್ಕಿಂತ ತಡವಾಗಿ ಹೊರಟರೆ ಬೇರೆ ದೋಣಿ ಅಥವಾ ಟಿಕೆಟ್ ದುಡ್ಡು ವಾಪಸ್, ಎರಡರಲ್ಲಿ ಒಂದು ನಿಮ್ಮ ಹಕ್ಕು. ಹವಾಮಾನ ಕಾರಣ ಅಂದರೂ ಟಿಕೆಟ್ ದುಡ್ಡು ಕೊಡಬೇಕು, ಅದರ ಜೊತೆಗಿನ ಹೆಚ್ಚುವರಿ ಪರಿಹಾರ ಮಾತ್ರ ಸಿಗುವುದಿಲ್ಲ. ತುರ್ತು ಸಹಾಯಕ್ಕೆ 112, ಸಮುದ್ರದಲ್ಲಿ ತೊಂದರೆಯಾದರೆ ಕರಾವಳಿ ಪಡೆಯ ನಂಬರ್ 1530.

ಎಲ್ಲ ಸರಿಯಾಗಿ ನಡೆದು ಫೆರಿಯ ಡೆಕ್ ಮೇಲೆ ಕೂತಿದ್ದೀರಿ ಅಂದರೆ ಬಲಗಡೆ ಜಾಗ ಹಿಡಿಯಿರಿ, ವೆಸುವಿಯಸ್ ಆ ಕಡೆ ಬರುತ್ತದೆ. ಇಳಿಯುವುದು ಪೋರ್ತಾ ದಿ ಮಾಸ್ಸಾದಲ್ಲಿ, ಬೆಳಿಗ್ಗೆ ಹತ್ತಿದ ಬೆವೆರೆಲ್ಲೊದಲ್ಲಲ್ಲ. ರೋಮ್ ರೈಲು ಇದ್ದರೆ ದೋಣಿ ಮುಟ್ಟುವ ಹೊತ್ತಿನಿಂದ ಎರಡು ಗಂಟೆ ಬಿಟ್ಟು ಟಿಕೆಟ್ ತಗೊಂಡಿರಿ. ದೋಣಿ ಹೊತ್ತಿಗೆ ಸರಿಯಾಗಿ ಬಂದರೆ, ಆ ಎರಡು ಗಂಟೆಯಲ್ಲಿ ನಿಲ್ದಾಣದ ಹತ್ತಿರ ಒಂದು ಪಿಜ್ಜಾ ತಿನ್ನಬಹುದು, ಕಾಪ್ರಿಯ ಕಾಫಿಯ ಬೆಲೆಗೆ.